ಸಾರ್ಕಾಯ್ಡೋಸಿಸ್‌ಗೆ ಆ್ಯಂಟಿಬಯೋಟಿಕ್: ಗಂಟಿನಲ್ಲಿ ರೋಗಾಣುವಿನ ಸುಳಿವು ಸಿಕ್ಕರೆ ಸಾಕೇ?

ಪ್ರಶ್ನೆ: "ನನಗೆ 44 ವರ್ಷ, ಶಾಲಾ ಶಿಕ್ಷಕಿ. ಎರಡೂವರೆ ವರ್ಷದ ಹಿಂದೆ ಒಣಕೆಮ್ಮು ಮತ್ತು ಏದುಸಿರು ಶುರುವಾಯಿತು. ಎಕ್ಸ್‌ರೇ ನೋಡಿ ಕ್ಷಯವಿರಬಹುದೆಂದು ಮಾತ್ರೆ ಕೊಟ್ಟರು. ಮೊದಲ ಒಂದೂವರೆ ತಿಂಗಳು ಹಗುರವಾಯಿತು, ಆಮೇಲೆ ಕೆಮ್ಮು ಮರಳಿತು. ಬಯಾಪ್ಸಿ ಮಾಡಿಸಿದಾಗ ಅದು ಕ್ಷಯವಲ್ಲ, ಶ್ವಾಸಕೋಶದ ಸಾರ್ಕಾಯ್ಡೋಸಿಸ್, ಅಂದರೆ ಅಂಗಗಳಲ್ಲಿ ಉರಿಯೂತದ ಪುಟ್ಟ ಗಂಟುಗಳೇಳುವ ಕಾಯಿಲೆ, ಎಂದು ಗೊತ್ತಾಯಿತು. ಅಂದಿನಿಂದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ. 40 ಮಿಲಿಗ್ರಾಂನಿಂದ ಈಗ 10ಕ್ಕೆ ಇಳಿದಿದೆ. ಅದಕ್ಕಿಂತ ಕೆಳಗಿಳಿಸಿದಾಗಲೆಲ್ಲ ಕೆಮ್ಮು ಹೆಚ್ಚುತ್ತದೆ. 11 ಕಿಲೋ ತೂಕ ಏರಿದೆ, ಮುಖ ಊದಿಕೊಂಡಿದೆ, ರಕ್ತದ ಸಕ್ಕರೆ ಗಡಿ ದಾಟಿದೆ, ರಾತ್ರಿ ನಿದ್ದೆಯಿಲ್ಲ. ಇದು ನಿಜಕ್ಕೂ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ, ನಾಲ್ಕು ಆ್ಯಂಟಿಬಯೋಟಿಕ್‌ಗಳ ಕೋರ್ಸ್ ಮಾಡಿದರೆ ಬುಡಸಮೇತ ಹೋಗುತ್ತದೆ, ವೈದ್ಯರು ಹೇಳುವುದಿಲ್ಲ ಅಷ್ಟೇ ಎಂದು ನನ್ನ ತಮ್ಮ ಓದಿದ್ದಾನೆ. ಪರಿಚಯದ ವೈದ್ಯರೊಬ್ಬರು ಲಿವೊಫ್ಲಾಕ್ಸಾಸಿನ್, ಎಥಾಂಬ್ಯುಟಾಲ್, ಅಜಿಥ್ರೊಮೈಸಿನ್, ರಿಫಾಂಪಿಸಿನ್ ಬರೆದುಕೊಟ್ಟಿದ್ದಾರೆ. ಚೀಟಿ ನನ್ನ ಚೀಲದಲ್ಲಿದೆ. ಸ್ಟೀರಾಯ್ಡ್ ಬಿಟ್ಟು ಇದನ್ನು ಶುರುಮಾಡಲೇ?"

ಉತ್ತರ: ಮೊದಲಿಗೆ ಎರಡು ಮಾತು, ಕಾರಣ ಆಮೇಲೆ ಹೇಳುತ್ತೇನೆ. ಪ್ರೆಡ್ನಿಸೊಲೋನನ್ನು ಒಮ್ಮೆಗೇ ನಿಲ್ಲಿಸಬೇಡಿ. ಆ ಚೀಟಿಯ ಮಾತ್ರೆಗಳನ್ನು, ಅದರಲ್ಲೂ ರಿಫಾಂಪಿಸಿನನ್ನು, ನಿಮ್ಮ ಶ್ವಾಸಕೋಶ ತಜ್ಞರಿಗೆ ತೋರಿಸುವವರೆಗೆ ಮುಟ್ಟಬೇಡಿ. ಸುಮಾರು ಎರಡು ವರ್ಷ ಸ್ಟೀರಾಯ್ಡ್ ತೆಗೆದುಕೊಂಡಿದ್ದೀರಿ. ಇಷ್ಟು ಕಾಲದಲ್ಲಿ, ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ನಿಮ್ಮ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ಬಹುಪಾಲು ಮಾತ್ರೆಗೆ ಒಪ್ಪಿಸಿ ಸುಮ್ಮನಾಗಿರುತ್ತವೆ. ಮಾತ್ರೆ ಥಟ್ಟನೆ ನಿಂತರೆ ಅವು ಅಷ್ಟೇ ಬೇಗ ಎಚ್ಚರಗೊಳ್ಳುವುದಿಲ್ಲ. ರಕ್ತದೊತ್ತಡ ಕುಸಿಯುವುದು, ವಾಂತಿ, ನಿತ್ರಾಣ, ಕೆಲವೊಮ್ಮೆ ಪ್ರಾಣಾಪಾಯ ಇವೆಲ್ಲ ಅದರಿಂದ ಬರಬಹುದು.

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ಈ ಕಾಯಿಲೆಯ ಹಿಂದೆ ಬ್ಯಾಕ್ಟೀರಿಯಾ ಇದೆಯೇ ಎಂಬುದು ಒಂದು. ಇದ್ದರೆ, ಅದನ್ನು ಕೊಂದ ಮಾತ್ರಕ್ಕೆ ಕಾಯಿಲೆ ಹೋಗುತ್ತದೆಯೇ ಎಂಬುದು ಇನ್ನೊಂದು. ನಿಮ್ಮ ತಮ್ಮ ಓದಿದ ಬರಹ ಇವೆರಡನ್ನೂ ಒಂದೇ ಎಂದು ಎಣಿಸಿದೆ. ಸಾರ್ಕಾಯ್ಡೋಸಿಸ್‌ನ ತೊಡಕೆಲ್ಲ ಇರುವುದು ಇವೆರಡರ ನಡುವಿನ ಅಂತರದಲ್ಲಿ.

ಬ್ಯಾಕ್ಟೀರಿಯಾದ ಅನುಮಾನ ಹುಚ್ಚು ಕಲ್ಪನೆಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1899ರಲ್ಲಿ ನಾರ್ವೆಯ ಚರ್ಮವೈದ್ಯ ಸೀಸರ್ ಬೋಕ್ ಚರ್ಮದ ಗಂಟುಗಳನ್ನು ವರ್ಣಿಸಿ 'ಸಾರ್ಕಾಯ್ಡ್' ಎಂಬ ಹೆಸರು ಕೊಟ್ಟ ಕಾಲದಿಂದಲೂ ಇದು ಕ್ಷಯದ್ದೇ ಒಂದು ವೇಷವಿರಬಹುದೇ ಎಂಬ ಗುಮಾನಿ ವೈದ್ಯರನ್ನು ಬಿಟ್ಟಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಅದು ಏಕೆಂದು ಅರ್ಥವಾಗುತ್ತದೆ. ನಿಮ್ಮ ಬಯಾಪ್ಸಿಯ ಸ್ಲೈಡಿನಲ್ಲಿ ಕಂಡಿರಬಹುದಾದದ್ದು ಇಷ್ಟು: ಗುಲಾಬಿ ಬಣ್ಣದ, ದುಂಡನೆಯ, ಒತ್ತಾಗಿ ಹೆಣೆದ ಪುಟ್ಟ ಗಂಟು. ಒಳಗೆ ಚಪ್ಪಲಿ ಅಡಿಯಂತೆ ಉದ್ದನೆಯ ನ್ಯೂಕ್ಲಿಯಸ್ ಇರುವ ಜೀವಕೋಶಗಳು, ನಡುನಡುವೆ ಹಲವು ಕೋಶಗಳು ಬೆಸೆದುಕೊಂಡು ಆದ ದೈತ್ಯಕೋಶ, ಸುತ್ತಲೂ ಬಿಳಿರಕ್ತಕಣಗಳ ತೆಳುವಾದ ಬೇಲಿ. ಇದೇ ಗ್ರ್ಯಾನ್ಯುಲೋಮಾ. ಜೀರ್ಣಿಸಿಕೊಳ್ಳಲಾಗದ ಏನನ್ನೋ ಕಂಡಾಗ ದೇಹ ಅದರ ಸುತ್ತ ಕಟ್ಟುವ ಕೋಟೆ ಅದು. ಕ್ಷಯದಲ್ಲೂ ಇಂಥದೇ ಕೋಟೆ ಏಳುತ್ತದೆ. ಆದರೆ ಕ್ಷಯದ ಗಂಟಿನ ನಡುಭಾಗ ಸಾಮಾನ್ಯವಾಗಿ ಕೊಳೆತು ಪುಡಿಪುಡಿಯಾಗಿರುತ್ತದೆ. ಸಾರ್ಕಾಯ್ಡೋಸಿಸ್‌ನ ಗಂಟು ನಡುವೆಯೂ ಗಟ್ಟಿಯಾಗಿಯೇ ಇರುತ್ತದೆ. ವಿಶೇಷ ಬಣ್ಣ ಹಾಕಿ ಹುಡುಕಿದರೂ ಕ್ಷಯದ ಕೆಂಪು ಕಡ್ಡಿಗಳು ಕಾಣುವುದಿಲ್ಲ. ವಾರಗಟ್ಟಲೆ ಕಲ್ಚರ್ ಇಟ್ಟರೂ ಏನೂ ಬೆಳೆಯುವುದಿಲ್ಲ.

ಬೆಳೆಯುವುದಿಲ್ಲ ಎಂದ ಮಾತ್ರಕ್ಕೆ ಕುರುಹೇ ಇಲ್ಲ ಎನ್ನುವಂತಿಲ್ಲ. ರೋಗಿಗಳ ಗಂಟುಗಳಲ್ಲಿ ಮೈಕೊಬ್ಯಾಕ್ಟೀರಿಯಾದ, ಅಂದರೆ ಕ್ಷಯಾಣುವಿನ ಕುಲದ, ವಂಶವಾಹಿ ತುಣುಕುಗಳನ್ನು ಹುಡುಕಿದ ಹತ್ತಾರು ಅಧ್ಯಯನಗಳಿವೆ. ಅವನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ನಾಲ್ಕನೇ ಒಂದು ಭಾಗ ರೋಗಿಗಳಲ್ಲಿ ಅವು ಸಿಕ್ಕಿವೆ. 2005ರಲ್ಲಿ ಸಂಶೋಧಕರು ಗಂಟುಗಳೊಳಗೆ ಮೈಕೊಬ್ಯಾಕ್ಟೀರಿಯಾದ ಒಂದು ಪ್ರೋಟೀನನ್ನೂ ಗುರುತಿಸಿದರು. ಜಪಾನಿನ ವಿಜ್ಞಾನಿಗಳು ಹಿಡಿದ ಜಾಡು ಬೇರೆ. ಮೊಡವೆಗೆ ಹೆಸರಾದ ಕ್ಯೂಟಿಬ್ಯಾಕ್ಟೀರಿಯಂ ಆ್ಯಕ್ನೆಸ್ ಎಂಬ ಬ್ಯಾಕ್ಟೀರಿಯಾ ಸಾರ್ಕಾಯ್ಡೋಸಿಸ್ ರೋಗಿಗಳ ದುಗ್ಧಗ್ರಂಥಿಗಳಲ್ಲಿ ಮತ್ತೆಮತ್ತೆ ಸಿಕ್ಕಿತು. ಆದರೆ ಅದು ಆರೋಗ್ಯವಂತರ ಚರ್ಮದ ಮೇಲೂ ಇರುತ್ತದೆ, ಸಾರ್ಕಾಯ್ಡೋಸಿಸ್ ಇಲ್ಲದವರ ದುಗ್ಧಗ್ರಂಥಿಗಳಲ್ಲೂ ಸಿಗುತ್ತದೆ. ಕಳುವಾದ ಮನೆಯಲ್ಲಿ ಸಿಕ್ಕ ಹೆಜ್ಜೆಗುರುತು ಕಳ್ಳನದೇ, ದಿನವೂ ಬಂದುಹೋಗುವವನದೇ ಎಂದು ಹೇಳಲಾಗದಂಥ ಸ್ಥಿತಿ.

ಈ ಒಗಟನ್ನು ನನ್ನ ಮಟ್ಟಿಗೆ ಚೆನ್ನಾಗಿ ತೋರಿಸಿಕೊಡುವುದು ಒಂದು ಹಳೆಯ ಪರೀಕ್ಷೆ. 1941ರಲ್ಲಿ ನಾರ್ವೆಯ ಆನ್ಸ್‌ಗರ್ ಕ್ವೈಮ್ ಎಂಬ ವೈದ್ಯರು ಸಾರ್ಕಾಯ್ಡೋಸಿಸ್ ಇದ್ದವರ ದುಗ್ಧಗ್ರಂಥಿಯನ್ನು ಅರೆದು, ಆ ದ್ರಾವಣವನ್ನು ಬೇರೆ ರೋಗಿಗಳ ಚರ್ಮಕ್ಕೆ ಚುಚ್ಚಿದರು. ಕೆಲವು ವಾರಗಳಲ್ಲಿ ಚುಚ್ಚಿದ ಜಾಗದಲ್ಲಿ ಪುಟ್ಟ ಗಂಟೆದ್ದಿತು. ಅದನ್ನು ಕತ್ತರಿಸಿ ನೋಡಿದರೆ ಅದೇ ಗ್ರ್ಯಾನ್ಯುಲೋಮಾ. ಮುಂದೆ ಹಲವು ದಶಕ ಇದು ರೋಗಪತ್ತೆಯ ಪರೀಕ್ಷೆಯಾಗಿ ಬಳಕೆಯಲ್ಲಿತ್ತು. ಇಲ್ಲಿ ಗಮನಿಸಬೇಕಾದದ್ದು, ಆ ದ್ರಾವಣವನ್ನು ಬಿಸಿಮಾಡಿ ಕ್ರಿಮಿಶುದ್ಧಗೊಳಿಸುತ್ತಿದ್ದರು. ಅದರಲ್ಲಿ ಬದುಕಿದ ರೋಗಾಣು ಇರಲಿಲ್ಲ. ಹಾಗಿದ್ದೂ ಗಂಟು ಕಟ್ಟುತ್ತಿತ್ತು. ಅಂದರೆ ಈ ರೋಗಿಗಳ ದೇಹವನ್ನು ಕೆರಳಿಸಲು ಜೀವಂತ ಬ್ಯಾಕ್ಟೀರಿಯಾವೇ ಬೇಕೆಂದಿಲ್ಲ. ಕರಗದೆ ಉಳಿದ ಅವಶೇಷ ಸಾಕು. ಸತ್ತದ್ದನ್ನು ಆ್ಯಂಟಿಬಯೋಟಿಕ್ ಮತ್ತೊಮ್ಮೆ ಸಾಯಿಸಲಾರದು.

ಕೆರಳಿಸುವ ವಸ್ತು ಬ್ಯಾಕ್ಟೀರಿಯಾದ್ದೇ ಆಗಬೇಕೆಂದೂ ಇಲ್ಲ. ಬೆರಿಲಿಯಂ ಲೋಹದ ಧೂಳಿನಲ್ಲಿ ದುಡಿಯುವವರಿಗೆ ಬರುವ ಶ್ವಾಸಕೋಶದ ಕಾಯಿಲೆ ಸ್ಲೈಡಿನಲ್ಲಿ ಸಾರ್ಕಾಯ್ಡೋಸಿಸ್‌ನ ತದ್ರೂಪು. 2001ರಲ್ಲಿ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಗೋಪುರಗಳು ಕುಸಿದ ಮೇಲೆ ಆ ಧೂಳನ್ನು ಉಸಿರಾಡಿದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಸಾರ್ಕಾಯ್ಡೋಸಿಸ್ ಮಾದರಿಯ ಕಾಯಿಲೆ ಹೆಚ್ಚಾಗಿ ಕಂಡುಬಂತು. ಹಾಗಾಗಿ ಇದು ಒಂದೇ ಕಾರಣದ ಒಂದೇ ಕಾಯಿಲೆಯಾಗಿರದೆ, ಬೇರೆ ಬೇರೆ ಕೆರಳಿಕೆಗಳಿಗೆ ಕೆಲವರ ದೇಹ ಒಂದೇ ಬಗೆಯಲ್ಲಿ ಉತ್ತರಿಸುವ ರೀತಿಯಾಗಿರಬಹುದು. ಯಾರ ದೇಹ ಹಾಗೆ ಉತ್ತರಿಸುತ್ತದೆ ಎಂಬುದರಲ್ಲಿ ವಂಶವಾಹಿಗಳ ಪಾತ್ರವೂ ಇದೆ.

ನೀವೇ ಹಾಕಿ ನೋಡಬಹುದಾದ ಲೆಕ್ಕ ಇನ್ನೊಂದಿದೆ. ನಿಮ್ಮ ಗಂಟುಗಳಲ್ಲಿ ಜೀವಂತ ಕ್ಷಯಾಣುವೋ ಅದರ ಬಂಧುವೋ ಬೆಳೆಯುತ್ತಿದ್ದರೆ, ಇಷ್ಟು ಕಾಲ ಸ್ಟೀರಾಯ್ಡ್ ತೆಗೆದುಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದ ನಿಮ್ಮಲ್ಲಿ ಅದು ಕಾಡಿನ ಬೆಂಕಿಯಂತೆ ಹಬ್ಬಬೇಕಿತ್ತು. ಆಗಿರುವುದು ತದ್ವಿರುದ್ಧ. ಮಾತ್ರೆ ಹೆಚ್ಚಿದಾಗ ಕೆಮ್ಮು ತಗ್ಗುತ್ತದೆ, ಇಳಿದಾಗ ಮರಳುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಚುಚ್ಚುಮದ್ದು ಮೈಯಲ್ಲಿ ಮಲಗಿರುವ ಕ್ಷಯವನ್ನು ಎಬ್ಬಿಸುವುದಕ್ಕೆ ಕುಖ್ಯಾತ. ಅದೇ ಮದ್ದು ಹಟಮಾರಿ ಸಾರ್ಕಾಯ್ಡೋಸಿಸನ್ನು ಹತೋಟಿಗೆ ತರುತ್ತದೆ. ಇದಿಷ್ಟರಿಂದ ಬ್ಯಾಕ್ಟೀರಿಯಾದ ಪಾತ್ರ ಸುಳ್ಳೆಂದು ಸಾಬೀತಾಗುವುದಿಲ್ಲ. ಆದರೆ ಸೋಂಕೊಂದು ಒಳಗೆ ನಿರಂತರವಾಗಿ ಬೆಳೆಯುತ್ತಿದೆ ಎಂಬ ಸರಳ ಚಿತ್ರ ಇದಕ್ಕೆ ಹೊಂದುವುದಿಲ್ಲ.

ಈಗ ಪ್ರಯೋಗಗಳ ವಿಷಯ. ನಿಮ್ಮ ಚೀಟಿಯಲ್ಲಿರುವ ನಾಲ್ಕೂ ಔಷಧಿಗಳ ಜೋಡಣೆಯನ್ನು ಯಾರೋ ಮನಬಂದಂತೆ ಮಾಡಿದ್ದಲ್ಲ. 'ಒಟ್ಟಿಗೆ' ಎಂಬರ್ಥದ ಇಂಗ್ಲಿಷ್ ಪದದ ಮತ್ತು ಅವುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ 'ಕ್ಲಿಯರ್' ಎಂದು ಕರೆಸಿಕೊಂಡ ಈ ಚಿಕಿತ್ಸೆಯನ್ನು ಅಮೆರಿಕದ ಸಂಶೋಧಕರು ಶ್ರದ್ಧೆಯಿಂದ, ಹಂತಹಂತವಾಗಿ ಪರೀಕ್ಷಿಸಿದರು. ನಿಮ್ಮ ತಮ್ಮ ಓದಿದ್ದು ಬಹುಶಃ ಮೊದಲ ಹಂತಗಳ ಸುದ್ದಿ.

ಚರ್ಮದ ಸಾರ್ಕಾಯ್ಡೋಸಿಸ್ ಇದ್ದ 30 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಔಷಧಿಗಳನ್ನೂ ಇನ್ನೊಂದಕ್ಕೆ ಔಷಧಿಯಿಲ್ಲದ ಪ್ಲಸೀಬೊ ಮಾತ್ರೆಗಳನ್ನೂ ಎಂಟು ವಾರ ಕೊಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಔಷಧಿ ಪಡೆದವರ ಚರ್ಮದ ಗಂಟುಗಳು ಸರಾಸರಿ 8.4 ಮಿಲಿಮೀಟರ್ ಕುಗ್ಗಿದ್ದವು, ಪ್ಲಸೀಬೊ ಗುಂಪಿನವು ಇದ್ದಂತೆಯೇ ಇದ್ದವು. ಅದೇ ವರ್ಷ ಶ್ವಾಸಕೋಶದ ಸಾರ್ಕಾಯ್ಡೋಸಿಸ್‌ನ 15 ರೋಗಿಗಳ ಪುಟ್ಟ ಅಧ್ಯಯನವೂ ಬಂತು. ಇದರಲ್ಲಿ ಪ್ಲಸೀಬೊ ಗುಂಪಿರಲಿಲ್ಲ, ಸೇರಿದ ಎಲ್ಲರೂ ಕೋರ್ಸ್ ಮುಗಿಸಲೂ ಇಲ್ಲ. ಮುಗಿಸಿದವರ ಎಫ್‌ವಿಸಿ, ಅಂದರೆ ಎದೆತುಂಬ ಉಸಿರೆಳೆದು ಪೂರ್ತಿ ಊದಿ ಹೊರಹಾಕುವ ಗಾಳಿಯ ಪ್ರಮಾಣ, ಸುಮಾರು 0.4 ಲೀಟರ್ ಹೆಚ್ಚಿತ್ತು. ಸಾರ್ಕಾಯ್ಡೋಸಿಸ್ ನೋಡುವ ಯಾರಿಗಾದರೂ ಇದು ದೊಡ್ಡ ಸಂಖ್ಯೆ. ಆಗ ನಮ್ಮಂಥವರಿಗೂ ಆಸೆ ಚಿಗುರಿತ್ತು.

ನಿಜವಾದ ಒರೆಗಲ್ಲು ಆಮೇಲಿನದು. ದೀರ್ಘಕಾಲದ ಶ್ವಾಸಕೋಶದ ಸಾರ್ಕಾಯ್ಡೋಸಿಸ್ ಇದ್ದ 97 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ, 49 ಮಂದಿಗೆ ನಾಲ್ಕು ಔಷಧಿಗಳ ಚಿಕಿತ್ಸೆಯನ್ನೂ 48 ಮಂದಿಗೆ ಪ್ಲಸೀಬೊವನ್ನೂ ಕೊಟ್ಟು 16 ವಾರ ನೋಡಿದರು. ಫಲಿತಾಂಶ 2021ರಲ್ಲಿ ಹೊರಬಂತು. ಔಷಧಿ ಪಡೆದವರ ಎಫ್‌ವಿಸಿ ಶೇ 1.1ರಷ್ಟು ಇಳಿದಿತ್ತು, ಪ್ಲಸೀಬೊ ಪಡೆದವರದ್ದು ಶೇ 0.02ರಷ್ಟು ಏರಿತ್ತು. ಎರಡರ ನಡುವೆ ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಇಲ್ಲ. ಆರು ನಿಮಿಷದಲ್ಲಿ ನಡೆಯಬಲ್ಲ ದೂರದಲ್ಲೂ ಹಾಗೆಯೇ. ಉಸಿರಾಟದ ತೊಂದರೆ ದಿನನಿತ್ಯದ ಬದುಕನ್ನು ಎಷ್ಟು ಬಾಧಿಸುತ್ತದೆ ಎಂದು ಕೇಳುವ ಪ್ರಶ್ನಾವಳಿಯಲ್ಲೂ ನಂಬಬಹುದಾದ ಅಂತರ ಕಾಣಲಿಲ್ಲ.

15 ಮಂದಿಯಲ್ಲಿ ಕಂಡ 0.4 ಲೀಟರ್ 97 ಮಂದಿಯಲ್ಲಿ ಎಲ್ಲಿ ಹೋಯಿತು? ಮೊದಲಿನವರು ಸುಳ್ಳು ಹೇಳಿದ್ದರೆಂದೇನೂ ಅಲ್ಲ. ಸಾರ್ಕಾಯ್ಡೋಸಿಸ್ ಏರಿಳಿಯುವ ಕಾಯಿಲೆ. ಎಷ್ಟೋ ಮಂದಿಯಲ್ಲಿ ಅದು ತಾನಾಗಿಯೇ ಶಮನವಾಗುತ್ತದೆ. ಎದೆಯ ನಡುವಿನ ದುಗ್ಧಗ್ರಂಥಿಗಳು ಮಾತ್ರ ಊದಿರುವ ಮೊದಲ ಹಂತದಲ್ಲಿ ಶೇ 55ರಿಂದ 90ರಷ್ಟು ಮಂದಿಗೆ, ಶ್ವಾಸಕೋಶಕ್ಕೂ ಹರಡಿದ ಎರಡನೇ ಹಂತದಲ್ಲಿ ಶೇ 40ರಿಂದ 70ರಷ್ಟು ಮಂದಿಗೆ ಯಾವ ಔಷಧಿಯೂ ಇಲ್ಲದೆ ಗುಣವಾಗುತ್ತದೆ. ಜನ ವೈದ್ಯರ ಬಳಿಗೋ ಹೊಸ ಔಷಧಿಯ ಬಳಿಗೋ ಹೋಗುವುದು ಕಾಯಿಲೆ ಏರಿದಾಗ. ಏರಿದ್ದು ಇಳಿಯುವ ಹೊತ್ತಿಗೆ ಕೈಯಲ್ಲಿ ಯಾವ ಮಾತ್ರೆ ಇತ್ತೋ ಆ ಮಾತ್ರೆಗೆ ಕೀರ್ತಿ ಸಲ್ಲುತ್ತದೆ. ಇನ್ನು, ಕೋರ್ಸಿನ ನಡುವೆ ಬಿಟ್ಟುಹೋದವರು ಹೆಚ್ಚಾಗಿ ತೊಂದರೆಪಟ್ಟವರಾಗಿರುತ್ತಾರೆ. ಕೊನೆಯ ತನಕ ಉಳಿದವರನ್ನಷ್ಟೇ ಅಳೆದರೆ ಚಿತ್ರ ಚೆಂದವಾಗಿಯೇ ಕಾಣುತ್ತದೆ. ಪ್ಲಸೀಬೊ ಗುಂಪನ್ನು ಇಡುವುದೇ ಇವನ್ನೆಲ್ಲ ಕಳೆದು ನೋಡಲಿಕ್ಕೆ.

ಕ್ಷಯದ ಮಾತ್ರೆ ತೆಗೆದುಕೊಂಡಾಗ ನಿಮಗೆ ಒಂದೂವರೆ ತಿಂಗಳು ಹಗುರವಾದದ್ದನ್ನೂ ನಾನು ಹೀಗೆಯೇ ಓದುತ್ತೇನೆ. ನೀವು ಹೇಳಿದ್ದು ನಿಜವಾದ ಅನುಭವ, ಅದನ್ನು ಭ್ರಮೆ ಎನ್ನಲಾರೆ. ಆದರೆ ಸೋಂಕು ಹೋಗಿದ್ದರಿಂದ ಹಗುರವಾಗಿದ್ದಿದ್ದರೆ, ಅದೇ ಮಾತ್ರೆಗಳನ್ನು ನುಂಗುತ್ತಿರುವಾಗಲೇ ಕೆಮ್ಮು ಮರಳಬಾರದಿತ್ತು. ಒಂದು ಬಗೆಯಲ್ಲಿ ನಿಮ್ಮ ಮೇಲೆ ಈ ಪ್ರಯೋಗ ಆಗಲೇ ನಡೆದುಹೋಗಿದೆ. ಚೀಟಿಯಲ್ಲಿರುವ ರಿಫಾಂಪಿಸಿನ್ ಮತ್ತು ಎಥಾಂಬ್ಯುಟಾಲ್ ಕ್ಷಯದ ಸಾಮಾನ್ಯ ಚಿಕಿತ್ಸೆಯಲ್ಲೂ ಇರುವ ಔಷಧಿಗಳು.

ವೈದ್ಯರು ಮುಚ್ಚಿಡುತ್ತಾರೆ ಎಂಬ ಮಾತಿಗೆ ಒಂದೇ ಉತ್ತರ ಕೊಡುತ್ತೇನೆ. ಈ ಔಷಧಿಗಳ ಮೇಲೆ ಎಲ್ಲರಿಗಿಂತ ಹೆಚ್ಚು ಭರವಸೆ ಇಟ್ಟು, ವರ್ಷಗಟ್ಟಲೆ ದುಡಿದು ಪರೀಕ್ಷಿಸಿದ ತಂಡವೇ ಕೊನೆಗೆ ಇದು ಶ್ವಾಸಕೋಶಕ್ಕೆ ಕೆಲಸ ಮಾಡಲಿಲ್ಲ ಎಂದು ಬಹಿರಂಗವಾಗಿ ಬರೆಯಿತು. ಅಂಥ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಬೇಸರವೆಂದರೆ, ಆಸೆ ಹುಟ್ಟಿಸಿದ ಮೊದಲ ಸುದ್ದಿ ಹರಡಿದಷ್ಟು ದೂರ ಈ ಎರಡನೆಯ ಸುದ್ದಿ ಹರಡಲಿಲ್ಲ.

ಬಾಗಿಲು ಪೂರ್ತಿ ಮುಚ್ಚಿದೆಯೇ ಎಂದರೆ, ಇಲ್ಲ. ಚರ್ಮದ ಸಾರ್ಕಾಯ್ಡೋಸಿಸ್‌ನಲ್ಲಿ ಮಿನೊಸೈಕ್ಲಿನ್, ಡಾಕ್ಸಿಸೈಕ್ಲಿನ್‌ಗಳನ್ನು ಚರ್ಮವೈದ್ಯರು ಈಗಲೂ ಬಳಸುತ್ತಾರೆ, ಕೆಲವರಿಗೆ ಗುಣವೂ ಕಾಣುತ್ತದೆ. ಅವು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುವುದಲ್ಲದೆ ಉರಿಯೂತವನ್ನೂ ತಗ್ಗಿಸುತ್ತವೆ. ಹಾಗಾಗಿ ಗುಣ ಕಂಡಿತು ಎಂಬುದರಿಂದ ಸೋಂಕಿತ್ತು ಎಂಬ ತೀರ್ಮಾನಕ್ಕೆ ಬರಲಾಗದು. ಸಾರ್ಕಾಯ್ಡೋಸಿಸ್‌ನ ಕೆಮ್ಮಿಗೆ ಅಜಿಥ್ರೊಮೈಸಿನ್ ಕೊಟ್ಟು ನೋಡಿದ 21 ಮಂದಿಯ ಒಂದು ಸಣ್ಣ ಅಧ್ಯಯನವೂ ಇದೆ. ದಿನಕ್ಕೆ 250 ಮಿಲಿಗ್ರಾಂನಂತೆ ಮೂರು ತಿಂಗಳು ತೆಗೆದುಕೊಂಡ ಮೇಲೆ, ದಿನವೊಂದಕ್ಕೆ ಎಣಿಸಿದ ಕೆಮ್ಮುಗಳ ಮಧ್ಯಮ ಸಂಖ್ಯೆ 228ರಿಂದ 81ಕ್ಕೆ ಇಳಿಯಿತು. ನಿಮ್ಮ ಮುಖ್ಯ ಕಾಟ ಕೆಮ್ಮೇ ಆಗಿರುವುದರಿಂದ ಇದು ನಿಮಗೆ ಸಂಬಂಧಪಟ್ಟದ್ದೇ. ಆದರೆ ಇಲ್ಲಿಯೂ ಪ್ಲಸೀಬೊ ಗುಂಪಿರಲಿಲ್ಲ. ಆ 15 ಮಂದಿಯ ಕಥೆಯನ್ನು ಈಗಷ್ಟೇ ಓದಿದ ನಿಮಗೆ ಇದರ ಮಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶ್ವಾಸಕೋಶದ ಬೇರೆ ಉರಿಯೂತಗಳಲ್ಲಿ ದೀರ್ಘಕಾಲದ ಆ್ಯಂಟಿಬಯೋಟಿಕ್ ಗೆದ್ದ ಉದಾಹರಣೆಗಳಿವೆ. ನಿಮ್ಮ ತಮ್ಮ ಅವನ್ನೂ ಮುಂದಿಡಬಹುದು, ಆದ್ದರಿಂದ ಹೇಳಿಬಿಡುತ್ತೇನೆ. ಡಿಫ್ಯೂಸ್ ಪ್ಯಾನ್‌ಬ್ರಾಂಕಿಯೋಲೈಟಿಸ್ ಎಂಬ, ಹೆಚ್ಚಾಗಿ ಜಪಾನಿನಲ್ಲಿ ಕಾಣುವ ಕಾಯಿಲೆ ಒಂದು ಕಾಲದಲ್ಲಿ ಮಾರಕವಾಗಿತ್ತು. 1980ರ ದಶಕದಲ್ಲಿ ಕಡಿಮೆ ಪ್ರಮಾಣದ ಎರಿಥ್ರೊಮೈಸಿನ್ ಬಂದ ಮೇಲೆ ಹತ್ತು ವರ್ಷ ಬದುಕುಳಿಯುವವರ ಪ್ರಮಾಣ ಶೇ 90 ದಾಟಿತು. ಸಿಒಪಿಡಿಯಲ್ಲಿ, ಅಂದರೆ ಶ್ವಾಸನಾಳಗಳು ಕಾಯಂ ಕಿರಿದಾಗುವ ಕಾಯಿಲೆಯಲ್ಲಿ, 1142 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷಪೂರ್ತಿ ಅಜಿಥ್ರೊಮೈಸಿನ್ ತೆಗೆದುಕೊಂಡವರಿಗೆ ಕಾಯಿಲೆ ಉಲ್ಬಣಿಸಿದ್ದು ವರ್ಷಕ್ಕೆ ಸರಾಸರಿ 1.48 ಬಾರಿ, ಪ್ಲಸೀಬೊ ಪಡೆದವರಿಗೆ 1.83 ಬಾರಿ. ಲಾಭದ ಜೊತೆಗೇ ಕಿವಿ ಮಂದವಾದವರು ಶೇ 20ರ ಬದಲು ಶೇ 25 ಆದರು. ಹತೋಟಿಗೆ ಬಾರದ ಆಸ್ತಮಾದಲ್ಲಿಯೂ 420 ಮಂದಿಯ ಪ್ರಯೋಗವೊಂದು 2017ರಲ್ಲಿ ಸ್ಪಷ್ಟ ಲಾಭ ತೋರಿಸಿತು. ಇದೇ ಉಮೇದಿನಲ್ಲಿ ಐಪಿಎಫ್ ಎಂಬ, ಶ್ವಾಸಕೋಶ ನಾರುಗಟ್ಟುವ ಕಾಯಿಲೆಗೂ ಆ್ಯಂಟಿಬಯೋಟಿಕ್ ಕೊಟ್ಟು ನೋಡಿದರು. 2020ರಲ್ಲಿ 342 ಮಂದಿಯ ಪ್ರಯೋಗವೂ 2021ರಲ್ಲಿ 513 ಮಂದಿಯ ಪ್ರಯೋಗವೂ ಫಲ ಕಾಣಲಿಲ್ಲ. ಎರಡನೆಯದನ್ನು ಪ್ರಯೋಜನವಿಲ್ಲವೆಂದು ನಡುವೆಯೇ ನಿಲ್ಲಿಸಬೇಕಾಯಿತು. ಗೆದ್ದ ಕಡೆಗಳಲ್ಲೆಲ್ಲ ಕಾಯಿಲೆ ಇದ್ದದ್ದು ಶ್ವಾಸನಾಳಗಳಲ್ಲಿ, ಕಫ ತುಂಬಿ ಮತ್ತೆಮತ್ತೆ ಉಲ್ಬಣಿಸುವ ಜಾಗದಲ್ಲಿ. ನಿಮ್ಮ ಕಾಯಿಲೆ ಶ್ವಾಸಕೋಶದ ಅಂಗಾಂಶದೊಳಗೆ ಗಂಟು ಕಟ್ಟುವಂಥದ್ದು. ಒಂದರ ಗೆಲುವನ್ನು ಇನ್ನೊಂದರ ಖಾತೆಗೆ ಜಮಾ ಮಾಡಲಾಗದು.

ಪ್ರಯೋಜನ ಇಲ್ಲದಿದ್ದರೆ ಹೋಗಲಿ, ತೆಗೆದುಕೊಂಡು ನೋಡಿದರೆ ನಷ್ಟವೇನು ಎಂದು ಕೇಳುವವರು ಬಹಳ. ನಷ್ಟ ಸಣ್ಣದಲ್ಲ, ಅದರಲ್ಲೂ ನಿಮಗೆ.

ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಆ ಕಿಣ್ವಗಳು ನಿಮ್ಮ ಪ್ರೆಡ್ನಿಸೊಲೋನನ್ನು ಬೇಗಬೇಗ ಒಡೆದು ಹಾಕುತ್ತವೆ. ಮೈಗೆ ದಕ್ಕುವ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ನನ್ನ ಬಳಿಗೆ ಬಂದ ರೋಗಿಯೊಬ್ಬರು ದಿನಕ್ಕೆ 15 ಮಿಲಿಗ್ರಾಂನಲ್ಲಿ ನೆಮ್ಮದಿಯಾಗಿದ್ದವರು. ಬೇರೊಂದು ಕಡೆ ಇಂಥದೇ ಕೋರ್ಸ್ ಶುರುಮಾಡಿದ ಮೂರನೇ ವಾರಕ್ಕೆ ಉಸಿರು ಕಟ್ಟಿ ಬಂದರು. "ಸ್ಟೀರಾಯ್ಡ್ ಒಂದು ದಿನವೂ ತಪ್ಪಿಸಿಲ್ಲ" ಎಂದು ಖಾಲಿಯಾದ ಮಾತ್ರೆಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಅವರು ಹೇಳಿದ್ದು ಸತ್ಯ. ಮಾತ್ರೆ ಹೊಟ್ಟೆಗೆ ಹೋಗಿತ್ತು, ಮೈಗೆ ದಕ್ಕಿರಲಿಲ್ಲ. ಹೀಗೆ ಉಲ್ಬಣಿಸಿದ್ದನ್ನು 'ಬ್ಯಾಕ್ಟೀರಿಯಾ ಸಾಯುವಾಗ ಹೀಗಾಗುತ್ತದೆ, ತಡೆದುಕೊಳ್ಳಿ' ಎಂದು ಅವರಿಗೆ ಯಾರೋ ಸಮಾಧಾನ ಹೇಳಿದ್ದರು. ಆ ಮಾತನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನಿಮಗೂ ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ.

ಲಿವೊಫ್ಲಾಕ್ಸಾಸಿನ್ ಸ್ನಾಯುರಜ್ಜುಗಳನ್ನು, ಹೆಚ್ಚಾಗಿ ಹಿಮ್ಮಡಿಯ ಮೇಲಿನದನ್ನು, ಹರಿಯುವಂತೆ ಮಾಡಬಲ್ಲದು. ಸ್ಟೀರಾಯ್ಡ್ ಜೊತೆಗಿದ್ದರೆ ಆ ಅಪಾಯ ಇನ್ನೂ ಹೆಚ್ಚು. ಅದು ರಕ್ತದ ಸಕ್ಕರೆಯನ್ನೂ ಏರುಪೇರು ಮಾಡುತ್ತದೆ, ನಿಮ್ಮದು ಈಗಾಗಲೇ ಗಡಿ ದಾಟಿದೆ. ಲಿವೊಫ್ಲಾಕ್ಸಾಸಿನ್, ಅಜಿಥ್ರೊಮೈಸಿನ್ ಎರಡೂ ಹೃದಯದ ವಿದ್ಯುತ್ ಲಯವನ್ನು ಕೆಡಿಸಬಲ್ಲವು. ಸಾರ್ಕಾಯ್ಡೋಸಿಸ್ ಕೆಲವರಲ್ಲಿ ಸದ್ದಿಲ್ಲದೆ ಹೃದಯಕ್ಕೂ ಹಬ್ಬಿರುತ್ತದೆ ಎಂಬುದನ್ನು ಇದರೊಟ್ಟಿಗೆ ಇಟ್ಟು ನೋಡಿ. ಇಸಿಜಿ ಕೂಡ ತೆಗೆಯದೆ ಇವೆರಡನ್ನು ಒಟ್ಟಿಗೆ ಶುರುಮಾಡುವುದು ನನಗೆ ಸರಿ ಕಾಣುವುದಿಲ್ಲ. ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ ಪೆಟ್ಟು ಕೊಡಬಹುದು. ಸಾರ್ಕಾಯ್ಡೋಸಿಸ್ ಕೂಡ ಕಣ್ಣಿಗೆ ಬರುತ್ತದೆ, ದೃಷ್ಟಿ ಮಂಜಾದರೆ ಯಾವುದರಿಂದ ಎಂದು ಬಿಡಿಸುವುದೇ ಕಷ್ಟವಾಗುತ್ತದೆ. ಇದಲ್ಲದೆ ಇವು ಕ್ಷಯದ ವಿರುದ್ಧ ನಮ್ಮ ಕೈಯಲ್ಲಿರುವ ಅಮೂಲ್ಯ ಅಸ್ತ್ರಗಳು. ಬೇಕಾಬಿಟ್ಟಿ ಬಳಸಿ ಅವನ್ನು ಮೊಂಡಾಗಿಸಿಕೊಂಡರೆ, ಮುಂದೆ ನಿಜವಾದ ಕ್ಷಯ ಬಂದಾಗ ಬರಿಗೈ.

ಹಾಗಾದರೆ ಸ್ಟೀರಾಯ್ಡ್ ಹೊತ್ತುಕೊಂಡೇ ಇರಬೇಕೇ? ಬೇಡ. ನಿಮ್ಮ ಪತ್ರದ ನಿಜವಾದ ನೋವು ಇದೇ ಎಂದು ನನಗನಿಸುತ್ತದೆ, ಅದು ನ್ಯಾಯವಾದದ್ದೇ. 10 ಮಿಲಿಗ್ರಾಂನ ಕೆಳಗೆ ಇಳಿಯಲಾಗದೆ ಇಷ್ಟು ಕಾಲ ಕಳೆದವರಿಗೆ ದಾರಿ ಬದಲಿಸುವ ಮಾತನ್ನು ವೈದ್ಯರೇ ಎತ್ತಬೇಕಿತ್ತು. ಮೊದಲು ಕೇಳಬೇಕಾದ್ದು, ಸ್ಟೀರಾಯ್ಡ್ ಇಳಿಸಿದಾಗ ಮರಳುವ ಕೆಮ್ಮು ಸಾರ್ಕಾಯ್ಡೋಸಿಸ್‌ನದೇ ಹೌದೇ ಎಂದು. ಆ ಹೊತ್ತಿನಲ್ಲಿ ಸ್ಪೈರೋಮೆಟ್ರಿ ಮಾಡಿಸಿದ್ದೀರಾ? ಊದುವ ಗಾಳಿಯ ಪ್ರಮಾಣವೂ ಎಕ್ಸ್‌ರೇಯೂ ಹಾಗೆಯೇ ಇದ್ದು ಕೆಮ್ಮು ಮಾತ್ರ ಹೆಚ್ಚಿದ್ದರೆ ಅದು ಹೊಟ್ಟೆಯ ಆಮ್ಲ ಮೇಲೇರುವುದರಿಂದಲೋ ಕೆರಳಿದ ನರಗಳಿಂದಲೋ ಬಂದಿರಬಹುದು. ಅದಕ್ಕೆ ಸ್ಟೀರಾಯ್ಡ್ ಏರಿಸುವುದು ವ್ಯರ್ಥ. ಉಸಿರಾಟದ ಶಕ್ತಿ ಸ್ಥಿರವಾಗಿದ್ದು ಗಂಟುಗಳು ತಣ್ಣಗಾಗಿದ್ದರೆ, ತೀರಾ ನಿಧಾನವಾಗಿ, ತಿಂಗಳಿಗೆ 1 ಮಿಲಿಗ್ರಾಂನಂತೆ ಇಳಿಸಿ ನೋಡುವುದೂ ಒಂದು ದಾರಿ.

ಕಾಯಿಲೆ ಇನ್ನೂ ಸಕ್ರಿಯವಾಗಿದೆ ಎಂದಾದರೆ ಮೆಥೊಟ್ರೆಕ್ಸೇಟ್ ಬಗ್ಗೆ ಕೇಳಿ. ಸ್ಟೀರಾಯ್ಡ್ ಹೊರೆ ಇಳಿಸಲು ನಾವು ಬಹುಕಾಲದಿಂದ ಇದನ್ನು ಬಳಸುತ್ತಿದ್ದೆವು, ಆದರೆ ಗಟ್ಟಿ ಪುರಾವೆ ಬಂದದ್ದು ಇತ್ತೀಚೆಗೆ. 2025ರಲ್ಲಿ ಪ್ರಕಟವಾದ, ಮೊದಲ ಸಲ ಚಿಕಿತ್ಸೆ ಶುರುಮಾಡುತ್ತಿದ್ದ 138 ರೋಗಿಗಳ ಪ್ರಯೋಗದಲ್ಲಿ 24 ವಾರಗಳ ಹೊತ್ತಿಗೆ ಮೆಥೊಟ್ರೆಕ್ಸೇಟ್ ಪಡೆದವರ ಉಸಿರಾಟದ ಶಕ್ತಿ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಪಡೆದವರಷ್ಟೇ ಸುಧಾರಿಸಿತ್ತು. ತೂಕ ಏರುವುದು, ನಿದ್ದೆಗೇಡು, ಹಸಿವು ಸ್ಟೀರಾಯ್ಡ್ ಗುಂಪಿನ ಕಾಟವಾದರೆ, ವಾಕರಿಕೆ, ದಣಿವು, ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು ಮೆಥೊಟ್ರೆಕ್ಸೇಟಿನ ಕಾಟ. ನಿಯಮಿತವಾಗಿ ರಕ್ತಪರೀಕ್ಷೆ ಬೇಕು, ಗರ್ಭಧಾರಣೆಯ ಯೋಚನೆಯಿದ್ದರೆ ಇದು ಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಇದು ವಾರಕ್ಕೆ ಒಮ್ಮೆ ಮಾತ್ರ ತೆಗೆದುಕೊಳ್ಳುವ ಮಾತ್ರೆ. ದಿನವೂ ನುಂಗಿ ಮೂಳೆಮಜ್ಜೆ ಕುಸಿದು ಬಂದವರನ್ನು ನೋಡಿದ್ದೇನೆ, ಆದ್ದರಿಂದ ವಾರದ ದಿನದ ಹೆಸರನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಮೆಥೊಟ್ರೆಕ್ಸೇಟ್ ಮೇಲಿರುವಾಗ ಮೂತ್ರದ ಸೋಂಕಿಗೋ ಇನ್ನಾವುದಕ್ಕೋ ಕೋ-ಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್ ಬರೆದರೆ ಬೇಡವೆನ್ನಿ, ಎರಡೂ ಸೇರಿದರೆ ರಕ್ತಕಣಗಳು ಅಪಾಯಕಾರಿಯಾಗಿ ಇಳಿಯಬಹುದು. ಇದಕ್ಕೂ ಬಗ್ಗದಿದ್ದರೆ ಅಜಾಥಿಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್‌ಗಳಿವೆ. ಇನ್‌ಫ್ಲಿಕ್ಸಿಮ್ಯಾಬ್‌ಗೆ ಮುನ್ನ ಮೈಯಲ್ಲಿ ಮಲಗಿದ ಕ್ಷಯವಿದೆಯೇ ಎಂದು ಪರೀಕ್ಷಿಸಲೇಬೇಕು.

ಮೂಳೆಗೆ ಒಳ್ಳೆಯದೆಂದು ವಿಟಮಿನ್ ಡಿ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಸಾರ್ಕಾಯ್ಡೋಸಿಸ್‌ನ ಗಂಟುಗಳು ತಾವೇ ಸಕ್ರಿಯ ವಿಟಮಿನ್ ಡಿ ತಯಾರಿಸಿ ರಕ್ತದ ಕ್ಯಾಲ್ಸಿಯಂ ಏರಿಸಬಲ್ಲವು. ಕ್ಯಾಲ್ಸಿಯಂ ಮಟ್ಟ ನೋಡಿಯೇ ಅದನ್ನು ತೀರ್ಮಾನಿಸಬೇಕು.

ಆ್ಯಂಟಿಬಯೋಟಿಕ್ ನಿಮಗೆ ಎಂದೂ ಬೇಡವೆಂದು ನಾನು ಹೇಳುತ್ತಿಲ್ಲ. ಜ್ವರ ಬಂದು ಹಳದಿ ಕಫ ಬಿದ್ದರೆ ಬೇಗನೆ ವೈದ್ಯರನ್ನು ಕಾಣಿ. ಸ್ಟೀರಾಯ್ಡ್ ಮೇಲಿರುವವರಿಗೆ ಸೋಂಕು ಬೇಗ ಉಲ್ಬಣಿಸುತ್ತದೆ, ಆಗ ತಕ್ಕ ಆ್ಯಂಟಿಬಯೋಟಿಕ್ ಬೇಕೇ ಬೇಕು. ಎದೆ ಡವಗುಟ್ಟುವುದು, ಕಣ್ಣು ಕತ್ತಲೆಗಟ್ಟಿ ಬೀಳುವುದು, ಕಣ್ಣು ಕೆಂಪಾಗಿ ಮಂಜಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಬ್ಯಾಕ್ಟೀರಿಯಾ ಸಿದ್ಧಾಂತವನ್ನು ಒರೆಹಚ್ಚುವ ಸಂಶೋಧನೆಯಲ್ಲಿ ಪಾಲ್ಗೊಳ್ಳುವ ಅವಕಾಶ ಸಿಕ್ಕರೆ, ನೈತಿಕ ಸಮಿತಿಯ ಒಪ್ಪಿಗೆಯೂ ನಿಗಾ ವ್ಯವಸ್ಥೆಯೂ ಇದ್ದಲ್ಲಿ ನಾನು ತಡೆಯುವುದಿಲ್ಲ. ಅಲ್ಲಿ ನಿಮ್ಮ ಇಸಿಜಿ, ಕಣ್ಣು, ಯಕೃತ್ತನ್ನು ನೋಡಿಕೊಳ್ಳುವವರಿರುತ್ತಾರೆ, ನಿಮ್ಮ ಅನುಭವ ಇನ್ನೊಬ್ಬರಿಗೂ ದಾರಿಯಾಗುತ್ತದೆ.

ಮುಂದಿನ ಭೇಟಿಗೆ ಹಳೆಯ ಸ್ಪೈರೋಮೆಟ್ರಿ ಹಾಳೆಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಂಡು ಹೋಗಿ. ಪ್ರತಿ ಹಾಳೆಯ ಅಂಚಿನಲ್ಲಿ ಆ ದಿನ ಎಷ್ಟು ಮಿಲಿಗ್ರಾಂ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದಿರಿ ಎಂದು ಬರೆದಿಡಿ. ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವನ ಪ್ರಶ್ನೆಗಳನ್ನು ಅವನೇ ಕೇಳಲಿ. ಚೀಲದಲ್ಲಿರುವ ಆ ಚೀಟಿಯನ್ನೂ ಬಚ್ಚಿಡದೆ ಮೇಜಿನ ಮೇಲಿಡಿ.